ರಕ್ತ ಬೆರೆಸಿದ ಮೇಲೆ

ಬಾಯಿಚಪಲ ತಿನ್ನುವುದಕ್ಕೆ ಮಾತ್ರವಲ್ಲ, ಹೇಳುವುದಕ್ಕೂ ಇರುತ್ತದೆ. ತಂಗಿಗೆ ಇದ್ದದ್ದು ಈ ಎರಡನೆಯದು.

ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಗೆ ಹೊದಿಕೆ ಹಾಕುವುದು ಪ್ರಯೋಗಾಲಯದಲ್ಲಿ ಅವಳ ಕೆಲಸ. ಕಣ ಮೈಯೊಳಗೆ ತಾನಾಗಿ ಕರಗಿಹೋಗುವ ಪಾಲಿಮರ್‌ನದು. ಅದರ ಹೊಟ್ಟೆಯಲ್ಲಿ ಕ್ಯಾನ್ಸರ್ ಔಷಧಿ, ಮೈಮೇಲೆ ಫೋಲಿಕ್ ಆಮ್ಲ. ಆ ಆಮ್ಲವೆಂದರೆ ಕೆಲವು ಗೆಡ್ಡೆಗಳ ಜೀವಕೋಶಗಳಿಗೆ ಪಂಚಪ್ರಾಣ. ಅದರ ಆಸೆಗೆ ಕಣವನ್ನು ಒಳಗೆಳೆದುಕೊಂಡು ಔಷಧಿಯನ್ನೂ ನುಂಗುತ್ತವೆ. ಒಳ್ಳೆಯ ಕೋಶಗಳ ಗೊಡವೆಗೆ ಕಣ ಅಷ್ಟಾಗಿ ಹೋಗುವುದಿಲ್ಲ. ಎಣಿಕೆಯೇನೋ ಹಾಗಿತ್ತು.

ಎರಡು ತಿಂಗಳ ಹಿಂದೆ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಗೆಡ್ಡೆಯ ಕೋಶಗಳ ಮೇಲೆ ಕಣಗಳನ್ನು ಸುರಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಕಣಗಳಿಗೆ ಬೆರೆಸಿದ್ದ ಬಣ್ಣ ಒಳಗೆ ಸೇರಿತ್ತು. ಅಂದೇ ಸಂಜೆ ಅಕ್ಕನ ಮನೆಗೆ ಓಡಿ ಹೇಳಿಬಿಟ್ಟಳು. ಅಕ್ಕನ ಎದೆಯಲ್ಲಿ ಗೆಡ್ಡೆ ಕಂಡು ಹತ್ತು ದಿನವಾಗಿತ್ತು. ತಡಮಾಡದೆ ಕೀಮೋ ಶುರುಮಾಡಬೇಕೆಂದು ಡಾಕ್ಟರು ಹೇಳಿದ್ದರು.

“ನಿನ್ನ ಔಷಧಿ ಆದ್ರೆ ಕೂದಲು ಉದುರಲ್ವಾ?”

“ಉದುರಲ್ಲ ಕಣಕ್ಕ. ನೇರ ಗೆಡ್ಡೆಗೇ ಹೋಗುತ್ತೆ.”

“ಹಾಗಾದ್ರೆ ಕಾಯ್ತೀನಿ ಬಿಡು.”

ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ಬರಲು ವರ್ಷಗಳೇ ಬೇಕೆಂದು ತಂಗಿಗೆ ಗೊತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಆದರೂ ಹತ್ತು ದಿನಗಳ ಮೇಲೆ ಅಕ್ಕ ನಕ್ಕಿದ್ದಳು. ಆ ನಗುವನ್ನು ಕಸಿಯಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಭಾವ ಆಸ್ಪತ್ರೆಗೆ ನಡೆ ಎಂದು ಗೋಗರೆದರೂ ಅಕ್ಕ, “ನನ್ನ ತಂಗಿ ಸುಳ್ಳು ಹೇಳೋಳಲ್ಲ” ಎಂದು ಕೂತುಬಿಟ್ಟಳು.

ಒಂದು ದಿನ ಪ್ರೊಫೆಸರು ಕೇಳಿದರು: “ಇದೆಲ್ಲ ಬರೀ ಉಪ್ಪುನೀರಲ್ಲಿ ಮಾಡಿದ್ದೀಯ. ರಕ್ತದ ಸೀರಮ್ ಬೆರೆಸಿ ನೋಡಿದ್ಯೇನಮ್ಮ?”

ನೋಡಿರಲಿಲ್ಲ. ಈಗ ಬೆರೆಸಿದಳು. ಹಸಿರು ಮಾಯ! ರಕ್ತದ ಪ್ರೋಟೀನುಗಳು ಕಣಗಳಿಗೆ ಮುತ್ತಿಕೊಂಡು, ಅವಳು ತಿಂಗಳುಗಟ್ಟಲೆ ಒದ್ದಾಡಿ ಕೂರಿಸಿದ ಆಮ್ಲವನ್ನು ಪೂರಾ ಮುಚ್ಚಿಹಾಕಿದ್ದವು. ಕೋಶಗಳು ತಿರುಗಿಯೂ ನೋಡಿರಲಿಲ್ಲ.

ಆದರೆ ಒಮ್ಮೆ ಬಂದದ್ದು ಫಲಿತಾಂಶವಲ್ಲ, ಮೂರು ಸಲ ಬರಬೇಕು. ಅದು ಅವರ ಕಸುಬಿನ ನೇಮ. ಹೆದರಿದವರಿಗೆ ನೇಮದಷ್ಟು ಒಳ್ಳೆಯ ಮರೆ ಇನ್ನೊಂದಿಲ್ಲ. ಮತ್ತೆ ಕೋಶ ಬೆಳೆಸಿದಳು, ಮತ್ತೆ ಕಣ ಮಾಡಿದಳು. ಮೂರು ವಾರ ಹಿಡಿಯಿತು. ಮೂರು ಸಲವೂ ಕತ್ತಲೆಯೇ.

ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಂಗಿ ನಿಂತೇ ಹೇಳಿದಳು.

“ಅಕ್ಕ, ಅದು ಕೆಲಸ ಮಾಡ್ತಿಲ್ಲ. ಮಾಡಿದ್ರೂ ನಿನ್ನ ಕೈಗೆ ಬರೋಕೆ ವರ್ಷಗಳೇ ಬೇಕಿತ್ತು. ಆವತ್ತೇ ಹೇಳ್ಬೇಕಿತ್ತು ನಾನು.”

“ಕೆಲಸ ಮಾಡಲ್ಲ ಅಂತ ಯಾವಾಗ ಗೊತ್ತಾಯ್ತು?”

“ಮೂರು ವಾರ ಆಯ್ತು. ಖಾತ್ರಿ ಆಗ್ಲಿ ಅಂತ ಮೂರು ಸಲ ಮಾಡಿ ನೋಡ್ದೆ.”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

“ಒಳ್ಳೇ ಸುದ್ದಿ ತಂದಿದ್ಯಲ್ಲ, ಅದನ್ನ ಎಷ್ಟು ಸಲ ಮಾಡಿ ನೋಡಿದ್ದೆ?”

“ಒಂದೇ ಸಲ.”

ಬೈದಿದ್ದರೆ ತಂಗಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಬೈಯಲಿಲ್ಲ. ತಂಗಿಯ ಕೈ ಹಿಡಿದು ತನ್ನ ಎದೆಯ ಪಕ್ಕಕ್ಕೆ ಒತ್ತಿಕೊಂಡಳು. ಎರಡು ತಿಂಗಳ ಹಿಂದೆ ಬೆರಳ ತುದಿಯಲ್ಲಿ ಹುಡುಕಬೇಕಾಗಿದ್ದದ್ದು ಈಗ ಅಂಗೈಗೆ ತಾಗಿತು. ತಂಗಿ ಕೈ ಎಳೆದುಕೊಳ್ಳಲು ನೋಡಿದಳು, ಅಕ್ಕ ಬಿಡಲಿಲ್ಲ.

“ನಾಳೆ ಆಸ್ಪತ್ರೆಗೆ ನೀನೂ ಬಾ,” ಎಂದಳು. “ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಡಾಕ್ಟರು ಕೇಳ್ತಾರೆ. ನನ್ನ ಬಾಯಲ್ಲಿ ಹೇಳೋಕಾಗಲ್ಲ. ನೀನೇ ಹೇಳು.”