ಎಮ್ಮೆ ಯಾರ ಕೈಗೆ ಹಾಲು ಕೊಡುತ್ತದೆ?

೧೯೮೪ರ ಪಂಚಮಿ ಮುಗಿಸಿ ತವರಿನಿಂದ ಚಿಕ್ಕೇರೂರಿಗೆ ಮರಳಿದ ಕರೆವ್ವನಿಗೆ ಮೈಯೆಲ್ಲ ಉರಿಯಿತು. ಎಮ್ಮೆ ಕೊಳ್ಳಲು ಆಕೆ ಬ್ಯಾಂಕಿಗೆ ಹಾಕಿದ್ದ ಸಾಲದ ಅರ್ಜಿ ವಾಪಸ್ ಬಂದಿತ್ತು. ತನಿಖೆಯ ಸಾಹೇಬರು ಸರಿಯಾಗಿ ಹಬ್ಬದ ದಿನವೇ ಬಂದು, 'ಅರ್ಜಿದಾರಳು ಊರಲ್ಲಿ ನಿಲ್ಲುವವಳಲ್ಲ. ಸಾಲ ಕೊಡುವುದು ಅಪಾಯ' ಎಂದು ಬರೆದು ಹೋಗಿದ್ದರು. ಪಂಚಮಿಗೆ ಯಾವ ಹೆಣ್ಣುಮಗಳು ತವರಿಗೆ ಹೋಗುವುದಿಲ್ಲ, ನೀವೇ ಹೇಳಿ!

"ನನ್ನ ಹೆಸರಿಗಾದ್ರ ಕೊಡ್ತಾರಂತ. ನಾನ ಸಹಿ ಮಾಡ್ತೇನಿ ಬಿಡು" ಎಂದ ಗಂಡ ಹೂವಪ್ಪ.

"ಹೋದ ಸಲ ನಿನ್ನ ಹೆಸರಿಲೆ ತಂದ ಎಮ್ಮಿ ಎಲ್ಲೈತಿ? ನನ್ನ ಒಂದ ಮಾತ ಕೇಳದ ಮಾರಿ ಸೈಕಲ್ ತಂದಿ. ಆ ಸಾಲ ಮಂದಿ ಹೊಲದಾಗ ಕಳೆ ತಗದು ನಾ ತೀರಿಸ್ದೆ. ಸೈಕಲ್ ಹಾಲು ಕೊಡ್ತೈತೇನು?"

ಹೂವಪ್ಪ ಎದ್ದು ಹೋಗಿ ಸೈಕಲ್ಲನ್ನು ಗೋಡೆಯ ಮರೆಗೆ ಸರಿಸಿದ.

ಪಕ್ಕದ ಮನೆಯ ಜನ್ನತಬಿ ಹೊಲಿಗೆ ಮಷಿನ್‌ಗೆ ಸಾಲ ಪಡೆದವಳು. "ಸಿಟ್ಟು ಮನ್ಯಾಗ ಖರ್ಚು ಮಾಡಬ್ಯಾಡ, ಬ್ಯಾಂಕಿಗೆ ನಡಿ" ಎಂದಳು. "ದುಡಿಯಾಕಿ ನೀ, ತೀರಿಸಾಕಿ ನೀ. ಹೆಸರೂ ನಿಂದ ಇರಲಿ. ನಾ ಒಂದ ಕಂತೂ ತಪ್ಪಿಸಿಲ್ಲ, ಪಾಸ್‌ಬುಕ್ ತೋರಿಸ್ತೇನಿ."

ಮೂವರೂ ಹೋದರು. ಅದೇ ತನಿಖೆಯ ಸಾಹೇಬರು ಜನ್ನತಬಿಯ ಪಾಸ್‌ಬುಕ್ ತಿರುವಿ ಹಾಕಿ ಕರೆವ್ವನ ಕಡೆ ನೋಡಿದರು. "ಇರಬಹುದಮ್ಮ. ಆದರೆ ನೀನು ತವರಿಗೆ ಹೋದರೆ ಕಂತು ಕಟ್ಟೋರು ಯಾರು? ಎಮ್ಮೆ ನೋಡೋರು ಯಾರು?"

"ಕಂತು ಕಟ್ಟೇ ಹೋಗ್ತೇನ್ರಿ. ಹೋದಾಕಿ ತಿರುಗಿ ಬಂದೇನಿ, ಇಲ್ಲೇ ನಿಂತೇನಿ, ನೋಡ್ರಿ. ಗಂಡಸ್ರು ಊರು ಬಿಟ್ಟು ಹೋಗೂದಿಲ್ಲೇನು? ಅವರ ಅರ್ಜಿ ಮ್ಯಾಲೆ ಯಾಕ ಹಿಂಗ ಬರಿಯೂದಿಲ್ಲ?"

ಸಾಹೇಬರು ಹೂವಪ್ಪನ ಕಡೆ ತಿರುಗಿದರು. ಅವನ ಕಿವಿ ಕೆಂಪಾದವು.

"ಖರೇ ಹೇಳ್ತೇನ್ರಿ. ಹಿಂದಿನ ಎಮ್ಮಿ ನನ್ನ ಹತ್ರ ಬಿಟ್ಕೊಳ್ಳಲಿಲ್ಲ. ಇಕಿ ತವರಿಗೆ ಹೋದಾಗ ಇಕಿ ಸೀರಿ ಸುತ್ಕೊಂಡು ಕುಂತು ಹಿಂಡಿದೆ. ಆವಾಗ ಹಾಲು ಕೊಡ್ತು. ಸಾಲ ಇಕಿ ಹೆಸರಿಗೇ ಕೊಡ್ರಿ."

ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಕರೆವ್ವ ಮಾತ್ರ ನಗಲಿಲ್ಲ.

"ಯಾರನ್ನ ನಂಬಬೇಕಂತ ಎಮ್ಮಿಗೆ ಗೊತ್ತೈತ್ರಿ ಸಾಹೇಬ್ರ. ನಿಮಗ ಯಾವಾಗ ಗೊತ್ತಾಗ್ತೈತಿ?"

ಸಾಹೇಬರು ತಾವು ಬರೆದ ಸಾಲನ್ನು ತಾವೇ ಹೊಡೆದುಹಾಕಿ, ಪೆನ್ನನ್ನು ಆಕೆಯ ಮುಂದಿಟ್ಟರು. ಕರೆವ್ವ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಅಕ್ಕ-ತಂಗಿಯರೇ, ನಿಮ್ಮ ದುಡಿಮೆಯ ಸಾಲವನ್ನು ನಿಮ್ಮ ಹೆಸರಿಗೇ ಕೇಳಿ. ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಕಂತು ತಪ್ಪಿಸಬೇಡಿ. ಹೆಣ್ಣೆಂಬ ಕಾರಣಕ್ಕೆ ನಿಮ್ಮ ಅರ್ಜಿಯ ಮೇಲೆ 'ಅಪಾಯ' ಎಂದು ಯಾರಾದರೂ ಬರೆದರೆ, ಅದನ್ನು ಹೊಡೆದುಹಾಕುವವರೆಗೆ ಬ್ಯಾಂಕಿನ ಮೆಟ್ಟಿಲು ಇಳಿಯಬೇಡಿ.