ಎಲ್ಲ ಪೆಟ್ಟಿಗೆಗೂ ಒಂದೇ ಗಡಿಯಾರ

ಆ ತಂತಿಯನ್ನು ಅವಳು ಕಿತ್ತದ್ದು ಬರೀ ಅಂದಕ್ಕಾಗಿ. ಹನ್ನೊಂದು ಗಂಟೆಗೆ ಬಂದರಿನ ಮೇಸ್ತ್ರಿ ಬರುವವನಿದ್ದ. ಮೇಜಿನ ಮೇಲೆ ಅಡ್ಡಾದಿಡ್ಡಿ ಬಿದ್ದ ಕಪ್ಪು ತಂತಿ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಸುತ್ತಿ ಡ್ರಾಯರಿಗೆ ಹಾಕಿದಳು. ಆಮೇಲೆ ಅಭ್ಯಾಸಬಲದಿಂದ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿದಳು. ಒಂದೂವರೆ ವರ್ಷದಿಂದ ಸಾವಿರಕ್ಕೆ ಸಾವಿರ ತೋರಿಸುತ್ತಿದ್ದ ಪರದೆ ಆರುನೂರ ಹತ್ತು ತೋರಿಸಿತು.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಆ ಕಂಪನಿ ಅವಳ ಭಾವನದು, ಅಂದರೆ ಅಕ್ಕನ ಗಂಡನದು. ಒಟ್ಟು ಏಳು ಜನ. ಅಳೆಯದೆ ಒಂದು ಮಾತನ್ನೂ ನಂಬದ ಇವಳಿಗೆ ಅಲ್ಲಿ ಎಲ್ಲರೂ ಸೇರಿ ಇಟ್ಟ ಹೆಸರು ತಕ್ಕಡಿ. ಭಾವನೋ, ಅಂಗೈಯಲ್ಲಿ ಆಕಾಶ ತೋರಿಸುವ ಆಸಾಮಿ. ಆದರೆ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ.

ಕೆಲಸ ಇಷ್ಟು. ಬಂದರಿನ ಕ್ರೇನಿನ ಮೇಲೊಂದು ಕ್ಯಾಮೆರಾ. ಅದರ ರೇಡಿಯೋ, ಎಲ್ಲ ದನಿಗಳನ್ನೂ ಹಿಡಿದು ಕ್ರೇನಿಗೆ ಮುಟ್ಟಿಸುವ ಗೋಪುರದ ಮಗ್ಗುಲಲ್ಲೇ ಇದೆ. ಕಂಟೇನರುಗಳ ಕೊನೆಯ ಸಾಲಿನಲ್ಲಿ ನಿಲ್ಲುವ ಕೆಲಸಗಾರನ ಕೈಯಲ್ಲೊಂದು ಕೆಂಪು ಗುಂಡಿ. ಒತ್ತಿದ ಕೂಡಲೇ ಕ್ರೇನ್ ನಿಲ್ಲಬೇಕು. ಎರಡೂ ಅಕ್ಕಪಕ್ಕದ ಅಲೆಗಳಲ್ಲಿ ಮಾತಾಡುತ್ತವೆ. ತೊಂದರೆಯೇನೆಂದರೆ, ಯಾವ ರೇಡಿಯೋ ಪೆಟ್ಟಿಗೆಯೊಳಗಿನ ಗಡಿಯಾರವೂ ತುಸು ನಡುಗುತ್ತದೆ. ಓದಿಕೊಂಡವರು ಅದಕ್ಕೆ ಫೇಸ್ ನಾಯ್ಸ್ ಅನ್ನುತ್ತಾರೆ. ಆ ನಡುಕಕ್ಕೆ ಹತ್ತಿರದ ಕ್ಯಾಮೆರಾದ ಜೋರು ದನಿ ತನ್ನ ಗೆರೆ ದಾಟಿ ಪಕ್ಕಕ್ಕೆ ಚೆಲ್ಲುತ್ತದೆ, ದೂರದ ಗುಂಡಿಯ ಸಣ್ಣ ದನಿ ಅದರಡಿ ಮುಳುಗಿಹೋಗುತ್ತದೆ. ನಡುಕವನ್ನು ಗುರುತಿಸಿ ಕಳೆದುಹಾಕುವ ಉಪಾಯ ಭಾವನದು. ಅದು ಸರಿಯಿದೆಯೆಂದು ಅಳೆದು ಹೇಳಿದವಳು ಇವಳು.

ಹೇಗೆ ಅಳೆದಿದ್ದಳು? ಮೊದಲ ದಿನ, ಸುಲಭವಾಗಲಿ ಎಂದು, ಕ್ಯಾಮೆರಾ, ಗುಂಡಿ, ಗೋಪುರಗಳ ಬದಲಿಗೆ ಮೇಜಿನ ಮೇಲಿಟ್ಟ ಮೂರೂ ಪೆಟ್ಟಿಗೆಗಳನ್ನು ಆ ಕಪ್ಪು ತಂತಿಯಿಂದ ಒಂದೇ ಗಡಿಯಾರಕ್ಕೆ ಕಟ್ಟಿದ್ದಳು. ಬಿಚ್ಚಲು ಮರೆತಳು. ಎಲ್ಲವೂ ಒಟ್ಟಿಗೇ ನಡುಗಿದರೆ ನಡುಕ ಕಾಣುವುದಾದರೂ ಎಲ್ಲಿ? ಬಂದರಿನಲ್ಲಿ ಅವರವರ ಗಡಿಯಾರ ಅವರವರಿಗೆ. ಅಲ್ಲಿ ಸಾವಿರ ಸಲ ಒತ್ತಿದರೆ ಮುನ್ನೂರ ತೊಂಬತ್ತು ಸಲ ಕ್ರೇನಿಗೆ ಕೇಳಿಸುವುದೇ ಇಲ್ಲ.

ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಎಲ್ಲವನ್ನೂ ಕೇಳಿ ಕುರ್ಚಿ ಎಳೆದು ಕೂತ.

"ತಂತಿ ವಾಪಸ್ ಸಿಕ್ಸು," ಅಂದ.

"ಭಾವ..."

"ಇವತ್ತೊಂದಿನ ಕಣಮ್ಮಾ. ಗಾಳಿ ಬಂದಾಗ ತೂರ್ಕೋಬೇಕು. ಕೆಲಸ ಸಿಗ್ಲಿ, ಆಮೇಲೆ ಸರಿ ಮಾಡೋಣ. ಈಗ ಹೇಳಿದ್ರೆ ಮೊದ್ಲು ಯಾರ ಹೆಸರು ಹೋಗುತ್ತೆ, ಯೋಚ್ನೆ ಮಾಡು."

ಅವಳದೇ ಹೆಸರು. ಎರಡನೇ ಮಾತಾಡದೆ ತಂತಿ ಸಿಕ್ಕಿಸಿದಳು. ತಾನು ಇಷ್ಟು ಬೇಗ ಒಪ್ಪಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮೇಸ್ತ್ರಿ ಅಗಲ ಅಂಗೈಯ, ಕಮ್ಮಿ ಮಾತಿನ ಮನುಷ್ಯ. ದೂರದಿಂದ ಬಂದಂತೆ ಗುಂಡಿಯ ದನಿಯನ್ನು ಕ್ಷೀಣಗೊಳಿಸಿದ್ದೇವೆ ಎಂದು ಭಾವ ವಿವರಿಸಿದ. ಮೇಸ್ತ್ರಿ ಗುಂಡಿ ಒತ್ತಿದ. ಕ್ರೇನ್ ನಿಂತಿತೆಂಬ ಗುರುತಿಗೆ ಕೆಂಪು ದೀಪ ಹತ್ತಿತು. ಹತ್ತು ಸಲ ಒತ್ತಿದರೆ ಹತ್ತೂ ಸಲ. ಅವನಿಗೆ ನಿಜಕ್ಕೂ ಸಂತೋಷವಾಯಿತು. ಭಾವನ ಕಡೆ ನೋಡದೆ ಇವಳ ಕಡೆ ತಿರುಗಿದ.

"ಅಳೆಯೋರು ನೀವಂತೆ. ನೀವೇ ಹೇಳಿಮ್ಮಾ. ಇಷ್ಟು ದಿನ ಕ್ರೇನ್ ಓಡೋವಾಗ ಕೊನೇ ಸಾಲಿಗೆ ಯಾರ್ನೂ ಬಿಡ್ತಿರ್ಲಿಲ್ಲ ನಾನು. ಇನ್ಮೇಲೆ ಕಳಿಸ್ಲಾ?"

ಅವಳು ಭಾವನನ್ನು ನೋಡಿದಳು. ಭಾವ ಫ್ಯಾನ್ ನೋಡುತ್ತಿದ್ದ. ಹೂಂ ಅನ್ನಲು ಬಾಯಿ ತೆರೆದಳು. ಬಗ್ಗಿ ತಂತಿ ಕಿತ್ತಳು.

"ಈಗ ಒತ್ತಿ," ಅಂದಳು.

ಹತ್ತರಲ್ಲಿ ನಾಲ್ಕು ಸಲ ದೀಪ ಹತ್ತಲಿಲ್ಲ. ಕೊನೆಯ ಸಲ ಮೇಸ್ತ್ರಿ ಹೆಬ್ಬೆರಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿದ. ಒತ್ತಿದ ಕೈ ಹಾಗೇ ಹಿಡಿದು ಹತ್ತದ ದೀಪವನ್ನೇ ನೋಡುತ್ತ ನಿಂತ. ತಂತಿ ಏನು ಮಾಡುತ್ತಿತ್ತೆಂದು ಅವಳು ಮುಚ್ಚಿಡದೆ ಹೇಳಿದಳು.

"ಯಾರು ಕಟ್ಟಿದ್ದು ಇದನ್ನ?"

ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ, "ನಾನೇ," ಅಂದ ಭಾವ.

ಮೇಸ್ತ್ರಿ ಇಬ್ಬರನ್ನೂ ಸರದಿಯಲ್ಲಿ ನೋಡಿದ. ಬೈಯಲಿಲ್ಲ. "ತಂತಿ ಇಲ್ದೆ ದೀಪ ತಪ್ಪದೆ ಹತ್ತೋ ದಿನ ಕರೀರಿ, ಬರ್ತೀನಿ. ಅಲ್ಲೀವರ್ಗೂ ಆ ಸಾಲು ಖಾಲಿನೇ ಇರ್ಲಿ," ಎಂದು ಮೆಟ್ಟಿಲಿಳಿದು ಹೋದ. ಕರೆಯುವ ದಿನದ ತನಕ ಕಾಯುತ್ತಾನೋ, ಬೇರೆಯವರ ಬಾಗಿಲು ತಟ್ಟುತ್ತಾನೋ, ಬಲ್ಲವರಾರು?

ಅವಳು ಆಗಲೇ ಕೀಲಿಮಣೆಯ ಮುಂದೆ ಕೂತಿದ್ದಳು. ಕ್ಯಾಮೆರಾದ ದನಿ ತಗ್ಗಿಸಿದಳು. ಅದನ್ನು ಗುಂಡಿಯ ಪಕ್ಕದಿಂದ ಎಬ್ಬಿಸಿ, ನಡುವೆ ಖಾಲಿ ಜಾಗ ಬಿಟ್ಟು, ಅಲೆಗಳ ಪಟ್ಟಿಯ ಆ ತುದಿಗೆ ಕೂರಿಸಿದಳು. ಪರದೆ ಎಂಟುನೂರ ಎಪ್ಪತ್ತು ತೋರಿಸಿತು. ಸಾಲದು. ಆದರೆ ನಿಜವಾದ ಎಂಟುನೂರ ಎಪ್ಪತ್ತು.

ಭಾವ ಹಿಂದೆ ಬಂದು ನಿಂತಿದ್ದ. ಅವಳು ತಿರುಗದೆಯೇ ಕೇಳಿದಳು, "ತಂತಿ ಕಟ್ಟಿದ್ದು ನಾನು. ಸುಳ್ಳ್ಯಾಕೆ ಹೇಳಿದ್ರಿ ಭಾವ?"

"ಬೆಳಿಗ್ಗೆಯಿಂದ ಒಂದು ಸುಳ್ಳು ಬಾಯಲ್ಲೇ ಇಟ್ಕೊಂಡು ಕೂತಿದ್ದೆ ಕಣಮ್ಮಾ," ಅಂದ ಭಾವ. "ಕೆಲಸ ಸಿಗ್ಲಿ ಅಂತ ಹೇಳ್ಬೇಕು ಅನ್ಕೊಂಡಿದ್ದೆ, ನೀನು ಬಿಡ್ಲಿಲ್ಲ. ನಿನ್ನ ಹೆಸರು ಉಳೀಲಿ ಅಂತ ಹೇಳ್ಬಿಟ್ಟೆ."