ಸಾಲು ತಪ್ಪಿದ ಗಂಟು

ಮಾಯವ್ವ ಸೆರಗಿನಿಂದ ಬಿಚ್ಚಿ ಮುಂದಿಟ್ಟ ಕರಿ ಡಬ್ಬಿಯನ್ನು ಬಾಬಾಸಾಹೇಬ ಮುಟ್ಟಲಿಲ್ಲ, ಮೂಸಿದ. ಟೇಪ್‌ರೆಕಾರ್ಡರನ್ನು ಸೆಲ್ಲಿಲ್ಲದೆ ಕರೆಂಟಿನ ಮೇಲೆ ನಡೆಸುವ ಎಲಿಮಿನೇಟರ್ ಅದು. ಗಡಹಿಂಗ್ಲಜದಲ್ಲಿ ಅಂಥವನ್ನು ರಿಪೇರಿ ಮಾಡುವವನು ಅವನೊಬ್ಬನೇ. ಗೋಡೆಯ ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಎರಡು ಗಂಟೆಗೆ, ಬಿಡಾಡಿ ದನಗಳನ್ನು ಕೂಡಿಹಾಕುವ ಕೊಂಡವಾಡದಲ್ಲಿ, ಕುರಿಗಳ ನ್ಯಾಯ.

ಹನ್ನೊಂದು ಮರಿಗಳು. ಮಳೆಗಾಲಕ್ಕೆ ಮುಂಚೆ ಮಾಯವ್ವನ ಅಪ್ಪ ಲಗಮಣ್ಣನ ಹಿಂಡಿನಲ್ಲಿ ಹುಟ್ಟಿದವು. ದಸರೆ ಕಳೆದ ಮೇಲೆ ಕಿವಿ ಕತ್ತರಿಸಿ ಗುರುತು ಮಾಡುವುದು ಅವರ ಮನೆಯ ಪದ್ಧತಿ. ಆದರೆ ಆ ದಸರೆಗೆ ಲಗಮಣ್ಣ ಮೀರಜಿನ ಆಸ್ಪತ್ರೆಯಲ್ಲಿದ್ದ, ಗಂಟಲೊಳಗಿನ ಗಡ್ಡೆಯ ಜೊತೆ ದನಿಯನ್ನೂ ವೈದ್ಯರು ತೆಗೆದುಹಾಕಿದ್ದರು. ಕಿವಿಗಳು ಹಾಗೇ ಉಳಿದವು. ಮುಂದೆ ಒಂದು ದಿನ ಗುಡ್ಡದ ಮೇಲೆ ಎರಡು ಹಿಂಡು ಕಲೆತವು. ಇನ್ನೊಂದು ಹಿಂಡಿನ ಕೃಷ್ಣಾತ ಆ ಹನ್ನೊಂದನ್ನೂ ತನ್ನವೆಂದು ಹೊಡೆದುಕೊಂಡು ಹೋಗಿ, ತಿಂಗಳೊಪ್ಪತ್ತು ಮೇಯಿಸಿದ. ತಕರಾರು ಪೊಲೀಸ್ ಚೌಕಿಯ ಫೌಜದಾರನ ತನಕ ಬಂದಾಗ ಆತ ಮರಿಗಳನ್ನು ಕೊಂಡವಾಡಕ್ಕೆ ಹಾಕಿಸಿ, ಯಾರ ಕೂಗಿಗೆ ಬರುತ್ತವೋ ಅವರವು ಎಂದು ಹೇಳಿಬಿಟ್ಟ. ಕೂಗುವವನ ಗಂಟಲೇ ಇರಲಿಲ್ಲ.

ಆದರೆ ಕ್ಯಾಸೆಟ್ಟಿತ್ತು. ಆಪರೇಶನ್ನಿನ ಹಿಂದಿನ ದಿನ ಲಗಮಣ್ಣ ಮಗಳ ಟೇಪ್‌ರೆಕಾರ್ಡರನ್ನು ತೊಡೆಯ ಮೇಲೆ ಇರಿಸಿಕೊಂಡು ಒಂದು ಬದಿ ತುಂಬ ಕುರಿ ಕರೆದಿದ್ದ. ಕುರಿಗಾಗಿ ಅಲ್ಲ, ಮನೆಯಲ್ಲಿ ಇರಲಿ ಎಂದು. ಅದನ್ನು ಹಚ್ಚಲು ಫೌಜದಾರ ನಗುತ್ತಲೇ ಒಪ್ಪಿದ್ದ. ಸೆಲ್ಲು ಸೋರಿ ಸ್ಪ್ರಿಂಗುಗಳನ್ನು ತಿಂದುಹಾಕಿದ್ದರಿಂದ ಆ ಸೆಟ್ಟು ಕರೆಂಟಿನ ಮೇಲೆ ಮಾತ್ರ ನಡೆಯುತ್ತಿತ್ತು. ನಿನ್ನೆ ಮನೆಯ ಆಡು ಎಲಿಮಿನೇಟರಿನ ವಾಯರನ್ನು ಕಡಿದು ಎರಡು ಮಾಡಿತ್ತು.

"ಇದನ್ನ ಜೋಡಿಸಿದ್ದ ಯಾರವ್ವಾ?" ಬಾಬಾಸಾಹೇಬ ಚಿಂದಿ ಬಿಚ್ಚಿ ಕೇಳಿದ.

"ನಾನ ರೀ."

ಗಂಟುಗಳು ಚೆಂದವಾಗಿದ್ದವು. ಮಾಯವ್ವ ಆರು ವರ್ಷದಿಂದ ಕೊರೋಚಿಯ ಮಗ್ಗಗಳಲ್ಲಿ ನೂಲು ಸುತ್ತಿದ ಹೊಸ ಬೀಮು ಏರಿಸಿದಾಗ ಹಳೆಯ ಎಳೆಗಳಿಗೆ ಹೊಸ ಎಳೆ ಕಟ್ಟುವವಳು. ಅಲ್ಲಿ ಸಾವಿರ ಗಂಟು ಬಿದ್ದರೂ ಒಂದೇ ಸಾಲಿನಲ್ಲಿ ಬೀಳಬೇಕು, ಸಾಲು ತಪ್ಪಿದರೆ ಮುಕಾದಮ ಬಯ್ಯುತ್ತಾನೆ. ವಾಯರಿನ ಎರಡು ಎಳೆಗಳನ್ನೂ ಅವಳು ಹಾಗೆಯೇ ಕಟ್ಟಿ, ತುದಿ ಕತ್ತರಿಸಿ, ಅಕ್ಕಪಕ್ಕ ಕೂರಿಸಿ ಮೇಲೆ ಚಿಂದಿ ಸುತ್ತಿದ್ದಳು. ಬೆಳಿಗ್ಗೆ ಸ್ವಿಚ್ಚು ಹಾಕಿದ ಕೂಡಲೇ ಸುಟ್ಟ ವಾಸನೆ ಬಂದಿತ್ತು.

"ಮಗ್ಗದಾಗ ಗಂಟಿಗೆ ಗಂಟ ತಾಗಿದರ ಅರಿವಿ ಆಗತೈತಿ," ಎಂದ ಬಾಬಾಸಾಹೇಬ. "ಇಲ್ಲಿ ಬೂದಿ ಆಗತೈತಿ. ಒಂದ ಮ್ಯಾಲ, ಒಂದ ಕೆಳಗ ಇರಬೇಕ ತಂಗಿ."

ಡಬ್ಬಿ ಸತ್ತಿತ್ತು. ಅಂಥದ್ದೇ ಬೇಕಾದರೆ ಕೊಲ್ಹಾಪುರಕ್ಕೆ ಹೋಗಬೇಕು, ಹೋಗಿ ಬರುವಷ್ಟರಲ್ಲಿ ಸಂಜೆ. ಅವನಲ್ಲಿ ಬೇರೆ ನಮೂನೆಯದೊಂದಿತ್ತು. ಅದರ ಪಿನ್ನು ಸೆಟ್ಟಿಗೆ ಕೂಡುತ್ತಿರಲಿಲ್ಲ. ಹಳೆಯದರ ಪಿನ್ನು ಕತ್ತರಿಸಿ ಇದಕ್ಕೆ ಬೆಸೆಯಬೇಕು. ಅವನು ಬೆಸೆಯುವ ಕಾವಿನ ಕಡ್ಡಿಯ ಸ್ವಿಚ್ಚು ಹಾಕಿದ ಹೊತ್ತಿಗೆ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು.

ಕರೆಂಟು ಇನ್ನು ಎರಡಕ್ಕೇ ಬರುವುದು ಎಂದು ಆತ ಕೈ ಚೆಲ್ಲಿದ. ಮೀಟರಿನ ಮುಳ್ಳು ನೋಡಿ ಯಾವ ಎಳೆಗೆ ಯಾವ ಎಳೆ ಎಂದು ಗುರುತು ಹಾಕಿಕೊಟ್ಟ. ಉಳಿದದ್ದನ್ನು ಮಾಯವ್ವ ಮಾಡಿದಳು. ಹಲ್ಲಿನಿಂದ ರಬ್ಬರು ಸುಲಿದು ಮೊದಲನೆಯ ಗಂಟು ಕಟ್ಟಿದಳು. ಎರಡನೆಯದಕ್ಕೆ ಕೈ ತಾನಾಗಿಯೇ ಮೊದಲನೆಯದರ ಪಕ್ಕಕ್ಕೆ ಹೋಯಿತು. ಬೆರಳುಗಳನ್ನು ಎಳೆದು ತಂದು ಅಂಗುಲ ಕೆಳಗೆ ಕಟ್ಟಿದಳು. ಸೊಟ್ಟಗೆ, ಹೊಲಸಾಗಿ ಕಂಡಿತು. ಗಂಟಿನ ಮೇಲೆ ಸುತ್ತುವ ಅಂಟು ಟೇಪು ಅಂಗಡಿಯಲ್ಲಿ ಮುಗಿದಿತ್ತು.

ಬಾಬಾಸಾಹೇಬ ಹೊಸ ಡಬ್ಬಿಯ ಮೇಲಿನ ಸಣ್ಣ ಗುಂಡಿ ತೋರಿಸಿದ. "ಆರ ವೋಲ್ಟಿನ ಮ್ಯಾಲ ಇರಲಿ. ಏಳೂವರಿಗೆ ಒಯ್ದೀ ಅಂದ್ರ ಸೆಟ್ಟ ಸುಡತೈತಿ ನೋಡ. ಆಮ್ಯಾಲ ನನ್ನ ಕೇಳಬ್ಯಾಡ."

ಕೊಂಡವಾಡಕ್ಕೆ ಬಂದಾಗ ಕೃಷ್ಣಾತ ಆಗಲೇ ಕೂಗುತ್ತಿದ್ದ. ಮರಿಗಳು ಆಚೆ ಮೂಲೆಯಲ್ಲಿ ಗುಂಪಾಗಿದ್ದವು. ಮೂರು ಬಂದು ಅವನ ಮುಂದೆ ನಿಂತವು. ಉಳಿದವು ಕತ್ತು ಎತ್ತಿ, ಮತ್ತೆ ಇಳಿಸಿದವು. ಲಗಮಣ್ಣ ಕೊರಳಿಗೆ ಟವೆಲು ಸುತ್ತಿಕೊಂಡು ಗೋಡೆಗೆ ಒರಗಿದ್ದ. ಕೈ ಸನ್ನೆಯನ್ನೂ ಮಾಡಕೂಡದೆಂದು ಫೌಜದಾರ ತಾಕೀತು ಮಾಡಿದ್ದ.

ಎರಡಾಗಿ ಆರು ನಿಮಿಷಕ್ಕೆ ಚೌಕಿಯ ಬಲ್ಬು ಕೆಂಪಗೆ, ಸೋತಂತೆ ಹತ್ತಿತು. ಕಿಟಕಿಯಿಂದ ವಾಯರು ಎಳೆದರು. ಮಾಯವ್ವ ಎರಡು ಗಂಟುಗಳನ್ನು ಬೇರೆ ಬೇರೆ ಬೆರಳಲ್ಲಿ ಹಿಡಿದು ಸೆಟ್ಟಿನ ಗುಂಡಿ ಒತ್ತಿದಳು.

ದನಿ ಬಂತು, ಬಾವಿಯ ತಳದಿಂದ ಬಂದಂತೆ, ದಪ್ಪಗೆ, ಎಳೆದೆಳೆದು. ಒಂದು ಮರಿಯೂ ಕಿವಿ ಆಡಿಸಲಿಲ್ಲ.

"ನಿಮ್ಮಪ್ಪ ಏನ ಕುಡದ ಕರ್ಯಾಕತ್ತಾನೇನ ಮಾಯವ್ವಾ?" ಎಂದ ಕೃಷ್ಣಾತ. ಪೇದೆ ನಕ್ಕ.

ಮಾಯವ್ವ ಬಲ್ಬಿನ ಕಡೆ ನೋಡಿದಳು. ಕರೆಂಟೇ ಸೊರಗಿತ್ತು, ಆರು ಅಂದರೆ ಆರು ಬರುತ್ತಿರಲಿಲ್ಲ. ಅದು ಯಾವಾಗ ಚೇತರಿಸಿಕೊಂಡೀತೋ. ಏಳೂವರೆಗೆ ಒಯ್ದರೆ, ಚೇತರಿಸಿಕೊಂಡ ಗಳಿಗೆಯೇ ಸೆಟ್ಟು ಸುಟ್ಟೀತು. ಫೌಜದಾರ ಗಡಿಯಾರ ನೋಡಿಕೊಂಡು, ಆಯಿತಲ್ಲ ಎಂದು ಏಳತೊಡಗಿದ.

"ತಡೀರಿ ಸಾಹೇಬ್ರ," ಎಂದಳು. ಉಗುರಿನಿಂದ ಸಣ್ಣ ಗುಂಡಿಯನ್ನು ಏಳೂವರೆಗೆ ತಳ್ಳಿದಳು.

ದನಿ ಎದ್ದು ನಿಂತಿತು. ಹೋಯ್ ಹೋಯ್ ಅರ್‌ರ್ ಹೋಯ್. ಲಗಮಣ್ಣನ ಕೂಗು, ಕೊನೆಗೆ ಸ್ವಲ್ಪ ಒಡೆಯುವ ಅದೇ ಕೂಗು. ಗೋಡೆಗೆ ಒರಗಿದ್ದವನು ತಾನೇ ಬೆಚ್ಚಿದ. ಮೊದಲು ಕೊಂಬಿಲ್ಲದ ಒಂದು ಮರಿ ಬಂತು. ಹಿಂದೆ ಉಳಿದವು ಧೂಳೆಬ್ಬಿಸುತ್ತ ಬಂದವು. ಕೃಷ್ಣಾತನ ಮುಂದಿನ ಮೂರರಲ್ಲಿ ಎರಡು ತಿರುಗಿ ಓಡಿದವು. ಮಾಯವ್ವನ ಬೆರಳಲ್ಲಿ ಗಂಟುಗಳು ಕಾಯತೊಡಗಿದವು, ಬೆಳಗಿನ ಅದೇ ವಾಸನೆ ಮತ್ತೆ ಬಂತು. ಅವಳು ಬಿಡಲಿಲ್ಲ.

ಮರಿಗಳು ಮೇಜಿನ ಮೇಲೆ ಕೂಗುತ್ತಿದ್ದ ಪೆಟ್ಟಿಗೆಯನ್ನು ತಿರುಗಿಯೂ ನೋಡಲಿಲ್ಲ. ಅದನ್ನು ದಾಟಿ ಹೋಗಿ, ದನಿಯಿಲ್ಲದೆ ನಿಂತಿದ್ದವನ ಕಾಲಿಗೆ ಮೈ ಒತ್ತಿದವು. ಕೂಗು ನಡುವೆಯೇ ಕಡಿದುಹೋಯಿತು. ಸೆಟ್ಟಿನ ಹಿಂಬದಿಯಿಂದ ತೆಳ್ಳನೆಯ ಹೊಗೆ ಎದ್ದಿತು.

ಫೌಜದಾರ ಎಣಿಸಿದ. ಹತ್ತು. ಹನ್ನೊಂದನೆಯದು ಕೃಷ್ಣಾತನ ಅಂಗೈಯಲ್ಲಿನ ಜೋಳ ತಿನ್ನುತ್ತಲೇ ಇತ್ತು. ಅದೂ ನಿನ್ನದೇ ಅಲ್ಲವೇ ಎಂದು ಫೌಜದಾರ ಕೇಳಿದಾಗ ಲಗಮಣ್ಣ ಬಹಳ ಹೊತ್ತು ಆ ಮರಿಯನ್ನೇ ನೋಡಿದ. ಆಮೇಲೆ, ಅವನ ಹತ್ತಿರವೇ ಇರಲಿ ಎಂಬಂತೆ ಕೈ ಮಾಡಿದ.